ಗುರುವಾರ ಮಾರ್ಕೆಟ್ ಯಾರ್ಡ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಗುರುವಾರ ಬೆಳಗ್ಗೆ ನಮ್ಮ ಪುಣೆಯ ಸಗಟು ಮಾರುಕಟ್ಟೆ, ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಒಟ್ಟಿಗೆ ಹೋಗೋಣ. ಯಾರಿಗೆ ಏನು, ಎಷ್ಟು ಕಿಲೋ ಬೇಕು ಅಂತ ನಾಳೆ ರಾತ್ರಿಯೊಳಗೆ ಇಲ್ಲೇ ಬರೆಯಿರಿ.

ಈರುಳ್ಳಿ ತುಂಬಿಕೊಳ್ಳಲು ಇದೇ ಸರಿಯಾದ ಸಮಯ. ಏಪ್ರಿಲ್-ಮೇನಲ್ಲಿ ಬರುವ ಬೇಸಿಗೆ ಈರುಳ್ಳಿ, ಇಲ್ಲಿಯವರ ಉನ್ಹಾಳಿ ಕಾಂದಾ, ನಾಲ್ಕೈದು ತಿಂಗಳು ಇಡಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ದರ ಏರಿದರೂ ಚಿಂತೆಯಿಲ್ಲ. ಆರಿಸುವಾಗ ಕತ್ತು ನೋಡಿ. ಸಣ್ಣಗೆ ಒಣಗಿರಬೇಕು, ಸಿಪ್ಪೆ ಗರಿಗರಿ ಇರಬೇಕು. ಕತ್ತು ದಪ್ಪಗಿದ್ದರೆ ಬೇಡವೇ ಬೇಡ, ಅದು ಬೇಗ ಮೊಳೆಯುತ್ತದೆ. ಮನೆಯಲ್ಲಿ ಮೂಟೆ ಬಿಚ್ಚಿ, ಗಾಳಿಯಾಡುವ ಕಡೆ ಹರಡಿ. ಆಲೂಗಡ್ಡೆ ಪಕ್ಕ ಮಾತ್ರ ಇಡಬೇಡಿ.

ಗೋಧಿ, ತೊಗರಿಬೇಳೆ ಒಂದೊಂದು ಮೂಟೆ ತೆಗೆದು ನಾಲ್ಕು ಮನೆಯವರು ಹಂಚಿಕೊಳ್ಳೋಣ. ಗೋಧಿಯನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ.

ಸೊಪ್ಪು ತರಕಾರಿ ಅಲ್ಲಿಂದ ಹೊತ್ತು ತರುವುದು ಬೇಡ ಅನ್ನುತ್ತೇನೆ. ಅಗ್ಗ ಅಂತ ತಂದ ಕೊತ್ತಂಬರಿ ಅರ್ಧ ಕೊಳೆತರೆ ಉಳಿತಾಯ ಎಲ್ಲಿ ಬಂತು, ಅಲ್ವಾ? ವಾರದ ಅಡುಗೆ ಮೊದಲೇ ಬರೆದಿಟ್ಟುಕೊಂಡು, ಬೇಕಾದಷ್ಟೇ ಮನೆ ಹತ್ತಿರ ಕೊಳ್ಳಿ.

ಇನ್ನೊಂದು ಮಾತು. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ. ಎಂಆರ್‌ಪಿ ಹತ್ತಿರ ಗ್ರಾಂಗೆ ಅಥವಾ ಕಿಲೋಗೆ ಇಷ್ಟು ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಹೋಲಿಸಬೇಕಾದದ್ದು ಅದನ್ನೇ. ಎಣ್ಣೆ, ಸಾಬೂನು ಪುಡಿ ಕೊಳ್ಳುವಾಗ ಇದು ತುಂಬಾ ಉಪಯೋಗ.

ಗಟ್ಟಿ ಚೀಲ ತನ್ನಿ. ಬಿಲ್ಲಿನ ಫೋಟೊ ಸಂಜೆ ಹಾಕುತ್ತೇನೆ, ಹಣ ಆಮೇಲೆ ಕಳಿಸಿದರಾಯಿತು.