ಬಾಡಿಗೆಯಿಂದ ಕಂತು ತೀರುವುದೇ?

ಮಾನ್ಯ ಸಂಪಾದಕರೇ,

ಸಾಲ ಮಾಡಿ ಬೆಂಗಳೂರಿನಲ್ಲೊಂದು ಫ್ಲಾಟ್ ಕೊಂಡರೆ ಬಾಡಿಗೆಯೇ ಬ್ಯಾಂಕಿನ ಕಂತನ್ನು ತೀರಿಸುತ್ತದೆ ಎಂಬ ಮಾತು ಜಾಹೀರಾತುಗಳಲ್ಲೂ ಬಂಧುಗಳ ಸಲಹೆಯಲ್ಲೂ ಕೇಳಿಬರುತ್ತಲೇ ಇದೆ. ಅದನ್ನು ನಂಬಿ ಫ್ಲಾಟ್ ಕೊಂಡು, ಆರು ವರ್ಷಗಳಿಂದ ಅದರ ಜಮಾ–ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿರುವವನು ನಾನು.

60 ಲಕ್ಷ ರೂಪಾಯಿಯ ಫ್ಲಾಟಿಗೆ 48 ಲಕ್ಷ ಸಾಲವನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ, ತಿಂಗಳ ಕಂತು ಸುಮಾರು 41,650 ರೂಪಾಯಿ ಆಗುತ್ತದೆ. ಅಂಥ ಮನೆಗೆ ನಿರ್ವಹಣಾ ಶುಲ್ಕವೂ ಸೇರಿ 18,000 ಬಾಡಿಗೆ ಬಂತೆನ್ನೋಣ. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ ಕೈಗೆ ಬರುವುದು 1,98,000. ಇದರಲ್ಲಿ ನಿರ್ವಹಣೆಗೆ 36,000, ಸುಣ್ಣಬಣ್ಣ ಮತ್ತು ದಲ್ಲಾಳಿಗೆ 25,000, ಆಸ್ತಿ ತೆರಿಗೆ, ನಲ್ಲಿ–ವೈರಿಂಗ್ ರಿಪೇರಿಗೆ 15,000 ಕಳೆದರೆ ಉಳಿಯುವುದು 1,22,000 ಮಾತ್ರ. ಕಂತಿಗೆ ಬೇಕಾದದ್ದು ಸುಮಾರು 5 ಲಕ್ಷ. ಅಂದರೆ ಪ್ರತಿ ತಿಂಗಳೂ ಸಂಬಳದಿಂದ 31,500 ರೂಪಾಯಿ ಸೇರಿಸಬೇಕು. ಮೊದಲ ವರ್ಷ ಕಟ್ಟಿದ ಕಂತಿನಲ್ಲಿ ಅಸಲಿಗೆ ಹೋಗುವುದು ಒಂದು ಲಕ್ಷಕ್ಕೂ ಕಡಿಮೆ, ಮಿಕ್ಕದ್ದೆಲ್ಲ ಬಡ್ಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರು ಬಾಡಿಗೆ ಆದಾಯಕ್ಕಿಂತ ಬಡ್ಡಿ ಹೆಚ್ಚಾಗಿ ಆಗುವ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯುವಂತಿಲ್ಲ. ಹಳೆಯ ಪದ್ಧತಿಯಲ್ಲೂ ವರ್ಷಕ್ಕೆ 2 ಲಕ್ಷದ ಮಿತಿಯಿದೆ.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಅಡ್ವಾನ್ಸ್ ವಿಷಯದಲ್ಲಿ. ಬಂದ ಹಣವನ್ನು ನಾನೂ ಕಂತಿಗೆ ಹಾಕಿದ್ದೆ. ಬಾಡಿಗೆದಾರರು ಕೆಲಸ ಬದಲಾಗಿ ಮನೆ ಬಿಟ್ಟಾಗ ಅದನ್ನು ಹಿಂದಿರುಗಿಸಲು ಹೆಂಡತಿಯ ಬಳೆಗಳನ್ನು ಅಡವಿಡಬೇಕಾಯಿತು. ಬೀಗದ ಕೈ ತೆಗೆದುಕೊಂಡು ಒಳಗೆ ಹೋದರೆ ಗೋಡೆಯ ತುಂಬ ಮೊಳೆಯ ತೂತುಗಳು, ತೇವ ಹಿಡಿದ ಬಚ್ಚಲು. ಮುಂದಿನವರು ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಅಡ್ವಾನ್ಸ್ ಆದಾಯವಲ್ಲ, ಬಡ್ಡಿಯಿಲ್ಲದ ಸಾಲ. ಅದನ್ನು ಬೇರೆ ಖಾತೆಯಲ್ಲೇ ಇಡಬೇಕು. ಭೋಗ್ಯಕ್ಕೆ ಕೊಟ್ಟಾಗ ಬರುವ ಇಡುಗಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ಫ್ಲಾಟ್ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಬೆಲೆ ಏರಿದರೆ ಲಾಭವಿರಬಹುದು. ಆದರೆ ಆ ಲಾಭ ಮಾರಿದಾಗ ಬರುತ್ತದೆ, ಕಂತು ಪ್ರತಿ ತಿಂಗಳೂ ಬರುತ್ತದೆ. ಆಸ್ತಿ ಪುಟಗಳಲ್ಲಿ ಬಾಡಿಗೆ ಆದಾಯದ ಬಗ್ಗೆ ಬರೆಯುವಾಗ, ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವ ಮೊತ್ತವನ್ನೂ ತಿಂಗಳ ಕಂತನ್ನೂ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

– ಓದುಗ, ತುಮಕೂರು