ಚಾಲೆಂಜ್ ವಿಡಿಯೋ: ಮಗು ಮುಚ್ಚಿಡದಂತೆ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ರೀಲ್ಸ್‌ನ ‘ಚಾಲೆಂಜ್’, ಅಂದರೆ ‘ಇದನ್ನು ಮಾಡಿ ತೋರಿಸು’ ಎಂದು ಕೆಣಕುವ ವಿಡಿಯೋ ನೋಡಿ ಮಕ್ಕಳು ಏನೋ ಮಾಡಿಕೊಂಡರು ಎಂಬ ಸುದ್ದಿ ಬಂದಾಗಲೆಲ್ಲ ‘ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ’ ಎಂಬ ಬುದ್ಧಿಮಾತೂ ಅದರ ಹಿಂದೆಯೇ ಬರುತ್ತದೆ. ಹೋಂವರ್ಕೇ ವಾಟ್ಸ್‌ಆ್ಯಪ್‌ನಲ್ಲಿ ಬರುವ ಈ ಕಾಲದಲ್ಲಿ ಅದು ವಾರವೂ ನಡೆಯದ ಮಾತು. ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡುವವರನ್ನು ಹೆಚ್ಚು ಕಾಡುವುದು ಬೇರೆ ಸಂಗತಿ: ಮಗು ತಾನು ಮಾಡಿಕೊಂಡದ್ದನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಚ್ಚಿಡುತ್ತದೆ. ಬೈಯುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯ ಅದಕ್ಕೆ.

ಕಾಳಿನ ಗಾತ್ರದ ಆಯಸ್ಕಾಂತದ ಗುಂಡುಗಳನ್ನೇ ನೋಡಿ. ನಾಲಿಗೆಯ ಮೇಲೊಂದು, ಕೆಳಗೊಂದು ಅಂಟಿಸಿಕೊಂಡರೆ ನಾಲಿಗೆ ಚುಚ್ಚಿಸಿ ಆಭರಣ ಹಾಕಿಸಿಕೊಂಡಂತೆ ಕಾಣುತ್ತದೆ. ಈ ಟಿಕ್‌ಟಾಕ್ ಹುಚ್ಚಿನಿಂದಾಗಿ 2021ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎಚ್ಚರಿಕೆ ಹೊರಡಿಸಬೇಕಾಯಿತು. ಒಂದೇ ಗುಂಡು ಹೊಟ್ಟೆಗೆ ಹೋದರೆ ಬಹುತೇಕ ಮಲದಲ್ಲಿ ಹೊರಬೀಳುತ್ತದೆ. ಎರಡು ಹೋದರೆ ಕಥೆ ಬೇರೆ. ಕರುಳಿನ ಎರಡು ಸುರುಳಿಗಳಲ್ಲಿ ಒಂದೊಂದು ನಿಂತು, ನಡುವಿನ ಗೋಡೆಯನ್ನು ಅದುಮಿ ಅಂಟಿಕೊಳ್ಳುತ್ತವೆ. ಅಲ್ಲಿ ರಕ್ತ ಓಡಾಡುವುದಿಲ್ಲ, ಗೋಡೆ ಸತ್ತು ತೂತಾಗುತ್ತದೆ. ಮೋಸವೆಂದರೆ, ಆರಂಭದಲ್ಲಿ ಬರೀ ಹೊಟ್ಟೆನೋವು, ಒಂದೆರಡು ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕೊಡುತ್ತಾರೆ. ನುಂಗಿದ ಅನುಮಾನವಿದ್ದರೂ ಸಾಕು, ಕಷಾಯ ಬೇಡ, ಬಾಳೆಹಣ್ಣು ಬೇಡ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ಎಂಡೋಸ್ಕೋಪಿ (ಬಾಯಿಂದ ಕೊಳವೆ ಇಳಿಸಿ ಒಳಗೆ ನೋಡುವುದು) ಮತ್ತು ಮಕ್ಕಳ ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ, ‘ಆಯಸ್ಕಾಂತ’ ಎಂಬ ಪದವನ್ನು ಬಾಯಿಬಿಟ್ಟು ಹೇಳಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ಬೇಕು. ಒಂದೇ ಕೋನದಲ್ಲಿ ಎರಡು ಗುಂಡು ಒಂದಾಗಿ ಕಾಣಬಹುದು. ಎಂಆರ್‌ಐ ಸ್ಕ್ಯಾನ್ ಯಂತ್ರವೇ ಭಾರೀ ಆಯಸ್ಕಾಂತ, ಅದರ ಹತ್ತಿರ ಆ ಮಗುವನ್ನು ಒಯ್ಯಲೇಬಾರದು.

ನಮ್ಮೂರ ಉದಾಹರಣೆ ಬೇಕೆಂದರೆ ಸ್ಮೋಕ್ ಬಿಸ್ಕತ್ ಇದೆ, ಬಾಯಿಂದ ಹೊಗೆ ಬರಲೆಂದು ದ್ರವ ಸಾರಜನಕ ಹಾಕಿ ಕೊಡುವ ಬಿಸ್ಕತ್ತು. ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಅದನ್ನು ತಿಂದ ಹುಡುಗ ಒದ್ದಾಡಿದ ವಿಡಿಯೋ 2024ರಲ್ಲಿ ದೇಶವೆಲ್ಲ ಓಡಾಡಿತು. ಆ ಮೇ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಹೊಗೆಯಾಡಿಸಲು ತಿಂಡಿಗೆ ದ್ರವ ಸಾರಜನಕ ಹಾಕಿ ಕೊಡುವುದನ್ನು ನಿಷೇಧಿಸಿತು. ಮಕ್ಕಳಿಗೆ ‘ತಿನ್ನಬೇಡ’ ಎಂದರೆ ಕಿವಿಗೆ ಹೋಗುವುದಿಲ್ಲ, ಕಾರಣ ಹೇಳಿದರೆ ಹೋಗುತ್ತದೆ. ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ. ಆವಿಯಾದರೆ ಸುಮಾರು 700 ಪಟ್ಟು ಹಿಗ್ಗುತ್ತದೆ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ಹೊಟ್ಟೆಯೊಳಗೆ ಮೂರೂವರೆ ಲೀಟರ್ ಅನಿಲವಾಗುತ್ತದೆ. ಬಾಯಿಂದ ಬಿಡುವ ಆ ಹೊಗೆ ಬರೀ ತಣ್ಣಗಾದ ನೀರಾವಿ. ಅಪಾಯವಿರುವುದು ಲೋಟದ ತಳದಲ್ಲಿ, ಬಿಸ್ಕತ್ತಿನ ಟೊಳ್ಳಿನಲ್ಲಿ ಆವಿಯಾಗದೆ ಉಳಿದ ಹನಿಯಲ್ಲಿ. ತಿಂದ ಮೇಲೆ ಹೊಟ್ಟೆ ಉಬ್ಬಿ ನೋವು ಬಂದರೆ ನೀರನ್ನೂ ಕುಡಿಸದೆ ಆಸ್ಪತ್ರೆಗೆ ಓಡಬೇಕು. ಜಾತ್ರೆ, ಮದುವೆಮನೆಗಳಲ್ಲಿ ಈಗಲೂ ಇಂಥದ್ದು ಕಂಡರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಉಸಿರು ಕಟ್ಟಿಕೊಳ್ಳುವ ಆಟದ ವಿವರ ಬರೆಯುವುದಿಲ್ಲ. ಮಿದುಳಿಗೆ ರಕ್ತ ನಿಂತರೆ ಸೆಕೆಂಡುಗಳಲ್ಲೇ ಪ್ರಜ್ಞೆ ತಪ್ಪುತ್ತದೆ, ತನ್ನನ್ನು ತಾನು ಬಿಡಿಸಿಕೊಳ್ಳಲು ಆಮೇಲೆ ಕೈ ಏಳುವುದಿಲ್ಲ ಎಂಬಷ್ಟು ಮಕ್ಕಳಿಗೆ ತಿಳಿದರೆ ಸಾಕು. ಕತ್ತಿನ ಮೇಲೆ ಗುರುತು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಬಾಗಿಲು ಹಾಕಿಕೊಂಡಿದ್ದು ಬಂದಮೇಲೆ ತಲೆನೋವು: ಇವು ಕಂಡರೆ ಹೆತ್ತವರು ಅಂದೇ ಕೂತು ಮಾತಾಡಬೇಕು.

ಫೋನಿನ ಸೆಟ್ಟಿಂಗ್ ವಿಷಯದಲ್ಲಿ ಒಂದು ಎಡವಟ್ಟು ಮನೆಮನೆಯಲ್ಲೂ ಇದೆ. ಇನ್‌ಸ್ಟಾಗ್ರಾಂನ ಹದಿಹರೆಯದವರ ಖಾತೆ 2025ರ ಫೆಬ್ರುವರಿಯಿಂದ ನಮ್ಮಲ್ಲೂ ಇದೆ. ಖಾತೆ ತಾನಾಗಿಯೇ ಖಾಸಗಿಯಾಗುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಷನ್ ಸದ್ದು ಮಾಡುವುದಿಲ್ಲ. ಆದರೆ ಮಗು ನೋಡುವುದು ಅಮ್ಮನ ಖಾತೆಯಲ್ಲಿ, ಇಲ್ಲವೇ ಸುಳ್ಳು ಹುಟ್ಟಿದ ವರ್ಷ ಕೊಟ್ಟು ತೆರೆದ ಖಾತೆಯಲ್ಲಿ. ಅಲ್ಲಿ ಈ ಕಾವಲು ಯಾವುದೂ ಇಲ್ಲ. ವರ್ಷ ಸರಿಪಡಿಸಿ. 13 ತುಂಬದವರಿಗೆ ಇನ್‌ಸ್ಟಾಗ್ರಾಂ ಇಲ್ಲವೇ ಇಲ್ಲ. ಮಕ್ಕಳ ಫೋನಿನ ಮೇಲೆ ಹೆತ್ತವರು ಕಣ್ಣಿಡುವ ಆ್ಯಪ್ ಆದ ಗೂಗಲ್ ಫ್ಯಾಮಿಲಿ ಲಿಂಕ್‌ನಲ್ಲಿ ಮಗುವಿಗೆ ಬೇರೆ ಖಾತೆ ಮಾಡಿಕೊಡಿ. ಅಪಾಯದ ವಿಡಿಯೋ ಬಂದರೆ ‘ಆಸಕ್ತಿ ಇಲ್ಲ’ ಒತ್ತಿ ಮುಂದೆ ಹೋಗುವುದನ್ನು ಕಲಿಸಿ. ಸಿಟ್ಟಿನ ಕಾಮೆಂಟ್ ಹಾಕಿದರೂ ಮುಂದಿನ ವಿಡಿಯೋ ಆರಿಸುವ ಯಂತ್ರಕ್ಕೆ ಅದು ಆಸಕ್ತಿಯೇ.

ಎಲ್ಲಕ್ಕಿಂತ ಮೊದಲು, ಏನೂ ಆಗದಿರುವಾಗಲೇ ಮಗುವಿಗೆ ಒಂದು ಮಾತು ಕೊಡಿ: ‘ಏನೇ ಮಾಡಿಕೊಂಡಿರು, ಆ ಕ್ಷಣ ಬಂದು ಹೇಳು. ಹೇಳಿದ್ದಕ್ಕೆ ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ.’ ಕೊಟ್ಟ ಮೇಲೆ ಉಳಿಸಿಕೊಳ್ಳಿ. ಒಮ್ಮೆ ಮುರಿದರೆ ಮುಂದಿನ ಸಲ ನಿಮಗೆ ಗೊತ್ತಾಗುವುದು ಆಸ್ಪತ್ರೆಯಲ್ಲೇ.

ಪತ್ರಿಕೆಗೂ ಒಂದು ಕೋರಿಕೆ. ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎನ್ನಲಾದ ‘ಬ್ಲೂ ವೇಲ್’ ಎಂಬ ಆನ್‌ಲೈನ್ ಆಟದ ಬಗ್ಗೆ 2017ರಲ್ಲಿ ಬಂದ ಸುದ್ದಿಗಳಿಗೆ ಲೆಕ್ಕವಿಲ್ಲ. ತನಿಖೆ ನಡೆದ ಸಾವುಗಳಲ್ಲಿ ಆ ಆಟದ ಪಾತ್ರ ಸಾಬೀತಾಗಿಲ್ಲ ಎಂದು ಕೇಂದ್ರ ಸರ್ಕಾರ ಆಮೇಲೆ ಸಂಸತ್ತಿಗೆ ತಿಳಿಸಿತು. ಅಷ್ಟರಲ್ಲಿ ಕೇಳದ ಮಕ್ಕಳೂ ಅದರ ಹೆಸರು ಕಲಿತಿದ್ದರು. ಮುಂದೆ ಇಂಥ ಸುದ್ದಿ ಬರೆಯುವಾಗ ಚಾಲೆಂಜಿನ ಹೆಸರು, ಮಾಡುವ ಕ್ರಮ, ವಿಡಿಯೋದ ಚಿತ್ರ ಬಿಡಿ. ಆ ಜಾಗದಲ್ಲಿ ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098, ಮನೋಆರೋಗ್ಯಕ್ಕೆ ಟೆಲಿ ಮಾನಸ್ 14416 ಇವನ್ನು ದಪ್ಪಕ್ಷರದಲ್ಲಿ ಹಾಕಿ.

– ಮಕ್ಕಳ ವೈದ್ಯರು, ದಾವಣಗೆರೆ