ಮಗಳಿಗೊಂದು ಪತ್ರ: ಹೆಸರು ಬಾಯಿಪಾಠ ಬಿಡು, ಲಾಗ್ ಓದೋದು ಕಲಿ

ಪುಟ್ಟಿ,

ನಿನ್ನ ಮೆಸೇಜ್ ಓದಿದೆ ಕಣೇ. ಟ್ರೋಜನ್ನು, ವರ್ಮು, ರೂಟ್‌ಕಿಟ್ಟು, ಲಾಜಿಕ್ ಬಾಂಬು ಅಂತ ಮಾಲ್ವೇರ್ (ಹಾನಿ ಮಾಡೋ ಪ್ರೋಗ್ರಾಂ) ಬಗೆಗಳನ್ನೆಲ್ಲಾ ಬಾಯಿಪಾಠ ಮಾಡಿದ್ರೂ ಮಾಕ್ ಟೆಸ್ಟಲ್ಲಿ ಮಾಲ್ವೇರ್ ಪ್ರಶ್ನೆಗಳಲ್ಲೇ ಮಾರ್ಕ್ಸ್ ಹೋಗ್ತಿದೆ ಅಂತ ಬರೆದಿದ್ದೀಯಲ್ಲ, ಫೋನಲ್ಲಿ ಹೇಳಿದ್ರೆ ಅರ್ಧ ಬಿಟ್ಟುಹೋಗತ್ತೆ ಅಂತ ಕೂತು ಬರೀತಿದ್ದೀನಿ. ಇಷ್ಟು ವರ್ಷ ಶಿಫ್ಟಲ್ಲಿ ಸೆಕ್ಯುರಿಟಿ ಅಲರ್ಟ್ ನೋಡ್ಕೊಂಡು ಬಂದವಳು ನಾನು, ನೀನೂ ಇದೇ ದಾರಿ ಹಿಡಿದಿದ್ದೀಯ ಅಂತ ಎಷ್ಟು ಖುಷಿ ಅಂದ್ರೆ ಹೇಳೋಕಾಗಲ್ಲ, ಅದಕ್ಕೇ ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡ.

ಡೆಫಿನಿಶನ್ ಗೊತ್ತಿರಬೇಕು ನಿಜ, ಆದ್ರೆ ನೀನು ಬರೆಯೋ ಸೈಸಾ ಪ್ಲಸ್ (CySA+), ಅಂದ್ರೆ ಕಾಂಪ್‌ಟಿಯಾದ ಸೆಕ್ಯುರಿಟಿ ಅನಲಿಸ್ಟ್ ಪರೀಕ್ಷೆ, ಅದನ್ನ ಕೇಳೋದು ಕಮ್ಮಿ. ಕಂಪ್ಯೂಟರ್ ತನ್ನಲ್ಲಿ ನಡೆದಿದ್ದನ್ನ ಬರೆದಿಡೋ ಲಾಗಿನ ಒಂದು ತುಣುಕು ಮುಂದಿಟ್ಟು, ಇಲ್ಲಿ ಏನಾಗ್ತಿದೆ, ಈಗ ಏನ್ ಮಾಡ್ತೀಯ ಅಂತ ಕೇಳತ್ತೆ. ನೀನು ಓದ್ತಿರೋ ಸಿಎಸ್0-003 ಆವೃತ್ತೀಲಿ ಹೆಚ್ಚಂದ್ರೆ 85 ಪ್ರಶ್ನೆ, 165 ನಿಮಿಷ, 100ರಿಂದ 900ರ ಸ್ಕೇಲಲ್ಲಿ 750 ಬರಬೇಕು, ಅದರಲ್ಲಿ ಸೆಕ್ಯುರಿಟಿ ಆಪರೇಶನ್ಸ್ ಭಾಗಕ್ಕೇ ಶೇ. 33 ತೂಕ. ಅಂದ್ರೆ ಓದಿ ಅರ್ಥ ಮಾಡ್ಕೊಳ್ಳೋಕೆ ಟೈಮ್ ಕೊಡ್ತಾರೆ, ಗಾಬರಿ ಬಿದ್ದು ಓಡಬೇಕಾಗಿಲ್ಲ.

ಯಾವ ಮಾಲ್ವೇರ್ ಹೆಸರು ಸಿಕ್ಕಿದ್ರೂ ಹೇಗೆ ಒಳಗೆ ಬಂತು, ಎಲ್ಲಿ ತಳ ಊರ್ತು, ಹೇಗೆ ಹರಡ್ತು, ಹೋಗ್ತಾ ಏನ್ ಗುರುತು ಬಿಡ್ತು ಅಂತ ಕೇಳ್ಕೋ. 2000ದ ಮೇ ತಿಂಗಳಲ್ಲಿ ಬಂದ ಐಲವ್‌ಯೂ ಅನ್ನೋ ಮಾಲ್ವೇರ್ ತಗೋ. ಮೇಲಲ್ಲಿ ಬಂದ ಅಟ್ಯಾಚ್‌ಮೆಂಟ್ ಹೆಸರಿನ ಕೊನೇಲಿ ಟಿಎಕ್ಸ್‌ಟಿ ಡಾಟ್ ವಿಬಿಎಸ್ ಅಂತ ಇತ್ತು, ವಿಬಿಎಸ್ ಅಂದ್ರೆ ಓಡೋ ಸ್ಕ್ರಿಪ್ಟ್, ವಿಂಡೋಸ್ ಗೊತ್ತಿರೋ ಎಕ್ಸ್‌ಟೆನ್ಶನ್ನ ತೋರಿಸದೇ ಮುಚ್ಚಿಡ್ತಿದ್ದರಿಂದ ಜನಕ್ಕೆ ಕಂಡಿದ್ದು ಬರೀ ಟೆಕ್ಸ್ಟ್ ಫೈಲ್, ತೆಗೆದ ತಕ್ಷಣ ಔಟ್‌ಲುಕ್ ಅಡ್ರೆಸ್ ಬುಕ್ಕಲ್ಲಿರೋರಿಗೆಲ್ಲಾ ತಾನೇ ಮೇಲ್ ಕಳಿಸ್ಕೊಂಡು ಹೊರಟಿತು. 2017ರ ಮೇ 12ರಂದು ಬಂದ ವಾನ್ನಾಕ್ರೈ ಹಾಗಲ್ಲ, ಯಾರೂ ಏನನ್ನೂ ಕ್ಲಿಕ್ ಮಾಡ್ಲೇಬೇಕು ಅಂತ ಇರಲಿಲ್ಲ, ವಿಂಡೋಸ್ ಮಷಿನ್‌ಗಳು ಫೈಲ್ ಹಂಚ್ಕೊಳ್ಳೋಕೆ ಬಳಸೋ ಎಸ್‌ಎಂಬಿಯ ದೋಷ ಹಿಡ್ಕೊಂಡು ಒಂದು ಮಷಿನ್ನಿಂದ ಇನ್ನೊಂದಕ್ಕೆ ನುಗ್ತು, ಅದಕ್ಕೆ ಪ್ಯಾಚ್ ಮಾರ್ಚಲ್ಲೇ ಬಂದಿತ್ತು, ಹಾಕದೇ ಬಿಟ್ಟವರು ಸಿಕ್ಕಿಬಿದ್ರು. ಎರಡನ್ನೂ ವರ್ಮ್ (ತಾನೇ ಹರಡೋ ಮಾಲ್ವೇರ್) ಅಂತಲೇ ಕರೀತಾರೆ, ಆದ್ರೆ ಹುಡುಕೋ ಜಾಗ ಬೇರೆ. ಮೊದಲನೇದಕ್ಕೆ ಮೇಲ್ ಗೇಟ್‌ವೇ ಲಾಗ್ ನೋಡ್ತೀಯ, ಎರಡನೇದಕ್ಕೆ ಒಂದೇ ಮಷಿನ್ ಇದ್ದಕ್ಕಿದ್ದಂಗೆ ನೂರಾರು ಅಡ್ರೆಸ್‌ಗಳಲ್ಲಿ ಎಸ್‌ಎಂಬಿಯ 445 ಪೋರ್ಟ್ ತಟ್ತಿದೆಯಾ ಅಂತ ನೋಡ್ತೀಯ. ಪರೀಕ್ಷೆಗೆ ಬೇಕಾಗಿರೋದು ಈ ವ್ಯತ್ಯಾಸ.

ಹ್ಯಾಶ್ ವಿಷಯದಲ್ಲಿ ನಿನಗೆ ಗೊಂದಲ ಇದೆ ಅನ್ಸತ್ತೆ. ಹ್ಯಾಶ್ ಅಂದ್ರೆ ಫೈಲಿನ ಬೆರಳ ಗುರುತು ಇದ್ದಂಗೆ. ಎಸ್‌ಎಚ್‌ಎ-256 ಅನ್ನೋ ಬಗೆಯ ಹ್ಯಾಶಲ್ಲಿ 64 ಅಕ್ಷರ, ಫೈಲಲ್ಲಿ ಒಂದೇ ಒಂದು ಬೈಟ್ ಬದಲಾದ್ರೂ ಹ್ಯಾಶ್ ಪೂರ್ತಿ ಬೇರೆ ಆಗತ್ತೆ. ಹಾಗಾಗಿ ಹ್ಯಾಶ್ ಮ್ಯಾಚ್ ಆದ್ರೆ ಅದೇ ಫೈಲ್ ಅಂತ ಧೈರ್ಯವಾಗಿ ಹೇಳಬಹುದು, ಮ್ಯಾಚ್ ಆಗಲಿಲ್ಲ ಅಂದ್ರೆ ಫೈಲ್ ಒಳ್ಳೇದು ಅಂತ ಮಾತ್ರ ಹೇಳೋಕಾಗಲ್ಲ. ಪಾಲಿಮಾರ್ಫಿಕ್ ಮಾಲ್ವೇರ್ ಪ್ರತಿ ಕಾಪಿಗೂ ರೂಪ ಬದಲಿಸೋದು ಇದಕ್ಕೇ. ಯಾವ ಗುರುತು ಹಿಡಿದ್ರೆ ದಾಳಿ ಮಾಡೋ ಕಳ್ಳನಿಗೆ ಎಷ್ಟು ಕಷ್ಟ ಅಂತ ತೋರಿಸೋಕೆ ಸೆಕ್ಯುರಿಟಿ ತಜ್ಞ ಡೇವಿಡ್ ಬಿಯಾಂಕೊ 2013ರಲ್ಲಿ ಹೇಳಿದ ಪಿರಮಿಡ್ ಆಫ್ ಪೇನ್ ನಿನ್ನ ನೋಟ್ಸಲ್ಲಿ ಇರತ್ತಲ್ಲ, ತಳದಲ್ಲಿ ಹ್ಯಾಶು, ಅದರ ಮೇಲೆ ಐಪಿ, ಡೊಮೈನು, ಹಾಗೇ ಏರ್ತಾ ತುದೀಲಿ ಕಳ್ಳ ಕೆಲಸ ಮಾಡೋ ರೀತಿ. ಹ್ಯಾಶ್ ಬ್ಲಾಕ್ ಮಾಡಿದ್ರೆ ಅವನಿಗೆ ಒಂದು ನಿಮಿಷದ ಕೆಲಸ, ಅವನ ರೀತೀನೇ ಹಿಡಿದುಬಿಟ್ರೆ ಎಲ್ಲಾ ಹೊಸದಾಗಿ ಕಲೀಬೇಕು. ಸಿಗ್ನೇಚರ್ (ಗೊತ್ತಿರೋ ಗುರುತು), ಹ್ಯೂರಿಸ್ಟಿಕ್ (ಅನುಮಾನದ ಲಕ್ಷಣ), ಬಿಹೇವಿಯರ್ (ನಡೆ) ಅಂತ ಮೂರು ಥರ ಡಿಟೆಕ್ಷನ್ ಯಾಕಿದೆ ಅನ್ನೋದೂ ಇಲ್ಲೇ ಅರ್ಥ ಆಗತ್ತೆ.

ಈಗ ಒಂದು ಸಾಲು ಹತ್ತಿರದಿಂದ ನೋಡೋಣ. ವಿಂಡೋಸಲ್ಲಿ ಏನೇನು ನಡೀತು ಅಂತ ಬರೆದಿಡೋ ಸಿಸ್‌ಮಾನ್ ಟೂಲಿನ ಲಾಗಲ್ಲಿ ಇವೆಂಟ್ ಐಡಿ 1, ಹೊಸ ಪ್ರೋಸೆಸ್ ಶುರುವಾಗಿದೆ. ಅದನ್ನ ಶುರು ಮಾಡಿದ ಪೇರೆಂಟ್ ವಿನ್‌ವರ್ಡ್ (ಎಂಎಸ್ ವರ್ಡ್), ಶುರುವಾದ ಚೈಲ್ಡ್ ಪವರ್‌ಶೆಲ್ (ವಿಂಡೋಸ್‌ಗೆ ಕಮಾಂಡ್ ಕೊಡೋ ಟೂಲ್). ಇಲ್ಲೇ ನಿಲ್ಲು. ಪತ್ರ ಬರೆಯೋ ವರ್ಡ್‌ಗೆ ಪವರ್‌ಶೆಲ್ ಯಾಕೆ ಬೇಕು? ಮುಂದೆ ಕಮಾಂಡ್ ಲೈನ್ ಓದು: ವಿಂಡೋ ಹಿಡನ್ ಅಂತಿದೆ, ಅಂದ್ರೆ ಯೂಸರ್‌ಗೆ ಕಾಣಬಾರದು ಅಂತ ಯಾರೋ ಬಯಸಿದ್ದಾರೆ. ಆಮೇಲೆ ಇಎನ್‌ಸಿ, ಅಂದ್ರೆ ಎನ್‌ಕೋಡ್ ಆದ ಕಮಾಂಡ್, ಅದರ ಹಿಂದೆ ಉದ್ದಕ್ಕೆ ಅರ್ಥವಿಲ್ಲದ ಅಕ್ಷರ, ಅದು ಬೇಸ್64, ಡೇಟಾನ ಅಕ್ಷರ, ಅಂಕಿಗಳಾಗಿ ಬರೆಯೋ ಒಂದು ರೀತಿ. ಆ ಅಕ್ಷರಗಳು ಎಸ್‌ಕ್ಯೂಬಿಎಫ್ ಅಂತ ಶುರುವಾದ್ರೆ ಡಿಕೋಡ್ ಮಾಡಿದಾಗ ಐಇಎಕ್ಸ್ ಸಿಗೋ ಸಾಧ್ಯತೆ ಜಾಸ್ತಿ, ಕೊಟ್ಟ ಟೆಕ್ಸ್ಟ್‌ನ ಹಾಗೇ ಕಮಾಂಡ್ ಆಗಿ ಓಡಿಸೋ ಪವರ್‌ಶೆಲ್ ಆದೇಶ ಅದು. ಕೆಲವು ಸೆಕೆಂಡ್ ಬಿಟ್ಟು ಐಡಿ 3, ಹೊರಗಿನ ಐಪಿಗೆ ಕನೆಕ್ಷನ್. ಆಮೇಲೆ ಐಡಿ 13, ವಿಂಡೋಸ್ ಸೆಟ್ಟಿಂಗ್ಸ್ ಇಡೋ ರಿಜಿಸ್ಟ್ರಿಯ ರನ್ ಕೀಯಲ್ಲಿ ಹೊಸ ವ್ಯಾಲ್ಯೂ ಬಂದಿದೆ, ಅಂದ್ರೆ ಲಾಗಿನ್ ಆದಾಗೆಲ್ಲಾ ಇದು ಮತ್ತೆ ಏಳತ್ತೆ. ದಾಳಿಯ ರೀತಿಗಳ ಪಟ್ಟಿಯಾದ ಮೈಟರ್ ಅಟ್ಯಾಕ್‌ನಲ್ಲಿ ಇದರ ನಂಬರ್ ಟಿ1547.001. ನೋಡು, ಮಾಲ್ವೇರ್ ಹೆಸರು ಏನು ಅಂತ ನಾವಿನ್ನೂ ಕೇಳೇ ಇಲ್ಲ, ಆದ್ರೂ ಮಷಿನ್ ಯಾಕೆ ಐಸೊಲೇಟ್ ಮಾಡಬೇಕು ಅನ್ನೋಕೆ ಬೇಕಾದಷ್ಟು ಸಾಕ್ಷಿ ಕೈಯಲ್ಲಿದೆ. ಇದು ಬಂದ್ರೆ ನಿನಗೆ ಎಲ್ಲಾ ಬಂದಂಗೆ.

ಕೆಟ್ಟದ್ದು ಕಣ್ಣಿಗೆ ಬೀಳಬೇಕು ಅಂದ್ರೆ ಮೊದಲು ಸರಿಯಾಗಿರೋದು ಹೇಗಿರತ್ತೆ ಅಂತ ಗೊತ್ತಿರಬೇಕು, ಇದನ್ನ ತುಂಬಾ ಜನ ಓದೋದೇ ಇಲ್ಲ. ವಿಂಡೋಸ್ ಸರ್ವಿಸ್‌ಗಳನ್ನ ಓಡಿಸೋ ಎಸ್‌ವಿಸಿಹೋಸ್ಟ್ (svchost) ಸಿಸ್ಟಮ್32 ಫೋಲ್ಡರಿಂದ ಓಡತ್ತೆ, ಅದನ್ನ ಶುರು ಮಾಡೋದು ಸರ್ವಿಸಸ್ ಪ್ರೋಸೆಸ್. ಟೆಂಪ್ ಫೋಲ್ಡರಿಂದ ಓಡ್ತಿದ್ರೆ, ಇಲ್ಲಾ ಹೆಸರಲ್ಲಿ ಸಿ, ವಿ ಅದಲು ಬದಲಾಗಿದ್ರೆ ಅನುಮಾನ ಪಡು. ನಿನ್ನ ಲ್ಯಾಪ್‌ಟಾಪಲ್ಲೇ ದಿನಾ ಹತ್ತು ನಿಮಿಷ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆಗೆದು ಯಾರು ಯಾರನ್ನ ಶುರು ಮಾಡಿದ್ದಾರೆ ಅಂತ ನೋಡ್ತಾ ಇರು.

ಫಾಲ್ಸ್ ಪಾಸಿಟಿವ್ (ಸುಳ್ಳು ಅಲರ್ಟ್) ಪ್ರಶ್ನೆ ತಪ್ಪು ಮಾಡಿದ್ದೀಯಲ್ಲ, ಅದಕ್ಕೊಂದು ಲೆಕ್ಕ ಹಾಕು. ಒಂದು ಲಕ್ಷ ಫೈಲ್, ಅದರಲ್ಲಿ 100 ಕೆಟ್ಟವು. ಟೂಲ್ ಕೆಟ್ಟದ್ದನ್ನ ಶೇ. 99 ಹಿಡಿಯತ್ತೆ, ಒಳ್ಳೇದರಲ್ಲಿ ಶೇ. 1ನ್ನ ತಪ್ಪಾಗಿ ಕೆಟ್ಟದ್ದು ಅನ್ನತ್ತೆ. ಕೇಳೋಕೆ ಬಹಳ ಒಳ್ಳೇ ಟೂಲ್. ಆದ್ರೆ ನಿಜವಾದ ಅಲರ್ಟ್ 99, ಸುಳ್ಳು ಅಲರ್ಟ್ 999! ಹನ್ನೊಂದು ಅಲರ್ಟ್ ಬಂದ್ರೆ ನಿಜ ಹೆಚ್ಚುಕಮ್ಮಿ ಒಂದು. ಅದಕ್ಕೇ ಅಲರ್ಟ್ ಬಂತು ಅಂದ ಮಾತ್ರಕ್ಕೆ ತೀರ್ಮಾನ ಅಲ್ಲ, ಹತ್ತು ಸುಳ್ಳು ನೋಡಿ ಬೇಸತ್ತು ಹನ್ನೊಂದನೇದನ್ನ ಹಾಗೇ ಕ್ಲೋಸ್ ಮಾಡೋದಂತೂ ಕೂಡದು, ಇದು ಕೆಲಸಕ್ಕೆ ಸೇರಿದ ಮೇಲೂ ನೆನಪಿರಲಿ. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೊಹೆನ್ 1980ರ ದಶಕದಲ್ಲೇ, ಎಲ್ಲಾ ವೈರಸ್ಸನ್ನೂ ತಪ್ಪಿಲ್ಲದೇ ಗುರುತಿಸೋ ಪ್ರೋಗ್ರಾಂ ಸಾಧ್ಯವೇ ಇಲ್ಲ ಅಂತ ಸಾಧಿಸಿ ತೋರಿಸಿದ್ರು, ಮನುಷ್ಯರು ಕೂತು ನೋಡೋ ಕೆಲಸ ಉಳಿದಿರೋದಕ್ಕೆ ಅದೂ ಒಂದು ಕಾರಣ.

"ಮೊದಲು ಏನು ಮಾಡ್ತೀರಿ" ಅಂತ ಇರೋ ಪ್ರಶ್ನೇಲಿ ಆ "ಮೊದಲು" ಅನ್ನೋದನ್ನ ಎರಡು ಸಲ ಓದು. ನಾಲ್ಕು ಉತ್ತರದಲ್ಲಿ ಮೂರು ಸರಿಯಾದ ಕೆಲಸಗಳೇ ಇರಬಹುದು, ಕ್ರಮ ಮಾತ್ರ ತಪ್ಪಿರತ್ತೆ. ಸೋಂಕು ತಗುಲಿದ ಮಷಿನ್ ಅಂದ ತಕ್ಷಣ ನೀನು ಪವರ್ ಆಫ್ ಆರಿಸಿದ್ದೀಯ. ಬೇಡ. ನೆಟ್‌ವರ್ಕಿಂದ ಬೇರೆ ಮಾಡು, ಆನ್ ಆಗೇ ಇರ್ಲಿ, ಆಫ್ ಮಾಡಿದ್ರೆ ಮೆಮೊರಿಲಿರೋದೆಲ್ಲಾ ಹೋಗತ್ತೆ, ಡಿಸ್ಕಲ್ಲಿ ಫೈಲ್ ಇಡದೇ ಮೆಮೊರಿಲೇ ಓಡೋ ಫೈಲ್‌ಲೆಸ್ ಮಾಲ್ವೇರ್ ಆಗಿದ್ರೆ ಮುಖ್ಯ ಸಾಕ್ಷಿ ಇರೋದೇ ಅಲ್ಲಿ. ಬೇಗ ಅಳಿದು ಹೋಗೋದನ್ನ ಮೊದಲು ತಗೋ, ಅಂದ್ರೆ ಮೆಮೊರಿ ಆದ್ಮೇಲೆ ಡಿಸ್ಕು. ಸಾಕ್ಷಿ ಸಂಗ್ರಹಿಸೋ ಬಗ್ಗೆ 2002ರಲ್ಲಿ ಬಂದ ಆರ್‌ಎಫ್‌ಸಿ 3227 ಅನ್ನೋ ಮಾರ್ಗಸೂಚೀಲಿ ಈ ಕ್ರಮ ಪೂರ್ತಿ ಇದೆ, ಚಿಕ್ಕದೇ, ಒಂದು ಸಲ ಓದ್ಬಿಡು.

ಅನುಮಾನದ ಫೈಲ್ ಸಿಕ್ಕಿದ ಕೂಡಲೇ ಫೈಲ್ ಪರೀಕ್ಷಿಸೋ ವೈರಸ್‌ಟೋಟಲ್ ಸೈಟ್‌ಗೆ ಅಪ್‌ಲೋಡ್ ಮಾಡೋ ಅಭ್ಯಾಸ ಮಾಡ್ಕೋಬೇಡ ಕಣಮ್ಮ. ಹಾಕಿದ ಫೈಲ್ ಬೇರೆಯವರಿಗೂ ಸಿಗತ್ತೆ, ಅದು ಆಫೀಸಿನ ಗುಟ್ಟಿನ ಡಾಕ್ಯುಮೆಂಟ್ ಆಗಿದ್ರೆ ಗತಿ ಏನು? ಮೊದಲು ಹ್ಯಾಶ್ ಮಾತ್ರ ಹಾಕಿ ಹುಡುಕು.

ಮನೇಲಿ ಪ್ರಾಕ್ಟೀಸ್ ಮಾಡೋದಾದ್ರೆ ನಿಜವಾದ ಮಾಲ್ವೇರ್ ಈಗ್ಲೇ ಬೇಡ ಅಂತ ನಾನು ಹೇಳ್ತೀನಿ. ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್) ಹಾಕ್ಕೋ, ಹೊರಗಿನ ನೆಟ್‌ವರ್ಕ್ ಮುಟ್ಟದಂಗೆ ನೆಟ್‌ವರ್ಕ್ ಹೋಸ್ಟ್ ಓನ್ಲಿ ಇಡು, ಶೇರ್ಡ್ ಫೋಲ್ಡರ್ ಆಫ್ ಮಾಡಿಬಿಡು, ಹಳೇ ಸ್ಥಿತಿಗೆ ವಾಪಸ್ ಹೋಗೋಕೆ ಸ್ನಾಪ್‌ಶಾಟ್ ತಗೋ. ಆಂಟಿವೈರಸ್ ಎಚ್ಚರ ಇದೆಯಾ ನೋಡೋಕೆ ಐಕಾರ್ ಟೆಸ್ಟ್ ಫೈಲ್ ಸಾಕು, 68 ಬೈಟ್‌ದು, ಯಾರಿಗೂ ಏನೂ ಮಾಡಲ್ಲ. ಕ್ಯಾಲ್ಕುಲೇಟರ್ ಫೈಲಿನ ಒಂದು ಕಾಪಿಗೆ ಒಂದು ಬೈಟ್ ಸೇರಿಸಿ ಹ್ಯಾಶ್ ತೆಗಿ, ಆಮೇಲೆ ಅದೇ ಫೈಲ್ ಹಿಡಿಯೋಕೆ ಫೈಲ್ ಒಳಗಿನ ಗುರುತು ಹುಡುಕೋ ಒಂದು ಯಾರಾ (YARA) ರೂಲ್ ಬರಿ, ಹ್ಯಾಶ್ ಸೋತ ಕಡೆ ರೂಲ್ ಹಿಡಿಯತ್ತೆ. ಪುಸ್ತಕದಲ್ಲಿ ನಾಲ್ಕು ಪುಟ ಓದೋದಕ್ಕಿಂತ ಇದು ಒಳಗೆ ಇಳಿಯತ್ತೆ.

ಫ್ರೆಂಡ್ ಹತ್ರ ಡಂಪ್ಸ್ (ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳು) ಇದೆ, ತಗೊಳ್ಲಾ ಅಂತ ಕೇಳಿದ್ದೀಯ. ಬೇಡ ಮಗಳೇ, ದಯವಿಟ್ಟು. ಪರೀಕ್ಷೆಯ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ರೆ ಸರ್ಟಿಫಿಕೇಟೇ ಹೋಗತ್ತೆ, ಅದಕ್ಕಿಂತ ಹೆಚ್ಚಾಗಿ ನಾಳೆ ರಾತ್ರಿ ಶಿಫ್ಟಲ್ಲಿ ನಿನ್ನ ಮುಂದೆ ಬರೋ ಲಾಗ್ ಯಾವ ಡಂಪಲ್ಲೂ ಇರಲ್ಲ. ಒಂದು ಆಸ್ಪತ್ರೆಯ ಮಷಿನ್ನೋ, ಯಾರದೋ ಸಂಬಳದ ಲೆಕ್ಕವೋ ನಿನ್ನ ತೀರ್ಮಾನದ ಮೇಲೆ ನಿಂತಿರತ್ತೆ. ಕಮ್ಮಿ ಮಾರ್ಕ್ಸ್ ಬಂದ್ರೆ ಇನ್ನೊಂದು ಸಲ ಕಟ್ಟೋಣ, ನನಗೆ ಅದರ ಬಗ್ಗೆ ಚಿಂತೆ ಇಲ್ಲ.

ಈ ವಾರ ಹೊಸ ಚಾಪ್ಟರ್ ತೆಗೀಬೇಡ. ತಪ್ಪಾದ ಪ್ರಶ್ನೆಗಳನ್ನೆಲ್ಲಾ ಒಂದು ಕಡೆ ಬರಿ, ಸರಿ ಉತ್ತರ ಬೇಡ, ನೀನು ಆರಿಸಿದ್ದನ್ನ ಯಾಕೆ ಆರಿಸಿದೆ ಅಂತ ಒಂದೊಂದು ಸಾಲು ಬರೆದು ಫೋಟೋ ಕಳಿಸು. ರಜೆ ದಿನ ವಿಡಿಯೋ ಕಾಲಲ್ಲಿ ಕೂತು ನೋಡೋಣ, ಮೇಲೆ ಹೇಳಿದ ಥರದ್ದೇ ಇನ್ನೊಂದಿಷ್ಟು ಲಾಗ್ ನಾನೂ ರೆಡಿ ಮಾಡಿ ಇಟ್ಟಿರ್ತೀನಿ, ಅವತ್ತು ಓದಿ ಹೇಳೋದು ನೀನು, ಕೇಳೋದು ನಾನು.

ನಿನ್ನ
ಅಮ್ಮ